ಡಾಂಬರಿಗೂ ಕೆಸರಿಗೂ ಒಂದೇ ಬೈಕ್: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಕೆಲಸ ಬೆಂಗಳೂರಿನಲ್ಲಿ, ಮನೆ ಸಕಲೇಶಪುರದ ಆಚೆ. ತಿಂಗಳಿಗೆ ಎರಡು ಸಲ ಬೈಕಿನಲ್ಲೇ ಊರಿಗೆ ಹೋಗುತ್ತೇನೆ. ಸುಮಾರು 220 ಕಿಲೋಮೀಟರ್ ಹೈವೇ, ಆಮೇಲೆ ನಾಲ್ಕು ಕಿಲೋಮೀಟರ್ ಮಣ್ಣು ದಾರಿ. ಈ ನಾಲ್ಕು ಕಿಲೋಮೀಟರ್ ವಿಷಯ ಗೊತ್ತಾದವರೆಲ್ಲ "ಯಾವ ಬೈಕ್ ತಗೊಳ್ಳಲಿ" ಅಂತ ನನ್ನನ್ನೇ ಕೇಳುತ್ತಾರೆ. ಆಫೀಸಿನ ಹುಡುಗರು, ಚನ್ನರಾಯಪಟ್ಟಣದ ಟೀ ಅಂಗಡಿಯಲ್ಲಿ ಸಿಕ್ಕವರು, ಒಮ್ಮೆ ಮದುವೆ ಊಟದ ಪಂಕ್ತಿಯಲ್ಲಿ ಪಕ್ಕ ಕೂತಿದ್ದವರೂ ಕೇಳಿದ್ದರು. ಡಾಂಬರಿಗೂ ಮಣ್ಣಿಗೂ ಆಗುವ ಇಂಥ ಬೈಕಿಗೆ ಅಡ್ವೆಂಚರ್ ಬೈಕ್ ಅನ್ನುತ್ತಾರೆ. ಅದರ ಬಗ್ಗೆ ಅವರು ಕೇಳಿದ ಹಾಗೇ ಪ್ರಶ್ನೆಗಳನ್ನು ಬರೆದಿದ್ದೇನೆ.

## ಇನ್ನೂ ಯೋಚನೆ ಮಾಡುತ್ತಿರುವವರಿಗೆ

ಅಡ್ವೆಂಚರ್ ಬೈಕ್ ಯಾಕೆ ಬೇಕು? ನಮ್ಮ ತೋಟದ ರೈಟರ್ (ಆಳು, ಲೆಕ್ಕ ನೋಡಿಕೊಳ್ಳುವವನು) ಸ್ಪ್ಲೆಂಡರ್‌ನಲ್ಲೇ ಎಲ್ಲಾ ಕಡೆ ಹೋಗ್ತಾನಲ್ಲ?

ಹೋಗುತ್ತಾನೆ, ಎರಡು ಮಾತಿಲ್ಲ. ಹಿಂದೆ ಗೊಬ್ಬರದ ಮೂಟೆ ಕಟ್ಟಿಕೊಂಡೇ ಹೋಗುತ್ತಾನೆ. ಮಲೆನಾಡಿನವರು ಹೀರೋ ಹೋಂಡಾ ಎಸ್‌ಎಸ್, ಆರ್‌ಎಕ್ಸ್ 100 ಕಾಲದಿಂದಲೂ ಇದನ್ನು ಮಾಡಿಕೊಂಡು ಬಂದವರೇ. ಆದರೆ ಅವನು ಹೋಗುವುದು ಎರಡನೇ ಗೇರಿನಲ್ಲಿ, ಒಂದೊಂದು ಕಲ್ಲೂ ಗೊತ್ತಿರುವ ದಾರಿಯಲ್ಲಿ. ಅದೇ ಗಾಡಿಯಲ್ಲಿ ಲಗೇಜು ಕಟ್ಟಿಕೊಂಡು ಬೆಂಗಳೂರಿಗೆ ಬಾ ಅಂದರೆ ಬಸ್ಸು ಹತ್ತುತ್ತಾನೆ.

ಅಡ್ವೆಂಚರ್ ಬೈಕ್ ಎರಡೂ ಕೆಲಸ ಮಾಡುತ್ತದೆ. ಹೈವೇಯಲ್ಲಿ ಇಡೀ ದಿನ 90ರಲ್ಲಿ ಹೋದರೂ ಸೊಂಟ ಹಿಡಿಯುವುದಿಲ್ಲ. ಕೊರಕಲು ದಾರಿಗೆ ಇಳಿದರೆ ನಿಂತುಕೊಂಡು ಓಡಿಸಬಹುದು. ಗುಂಡಿಯ ಪೆಟ್ಟು ತಡೆಯುವ ಉದ್ದನೆಯ ಶಾಕ್ಸ್, ದೊಡ್ಡ ಮುಂಚಕ್ರ, ಎಂಜಿನ್ ಕೆಳಗೆ ಜಾಸ್ತಿ ಜಾಗ, ಅಗಲವಾದ ಹ್ಯಾಂಡಲ್ ಇರುವುದು ಅದಕ್ಕೇ. ಇನ್ನೊಂದು ವಿಷಯ. ರೈಟರ್ ಎಲ್ಲಾ ಕಡೆ ನುಗ್ಗುವುದಕ್ಕೆ ಅವನ ಕೈ ಎಷ್ಟು ಕಾರಣವೋ ಸ್ಪ್ಲೆಂಡರಿನ ತೂಕವೂ ಅಷ್ಟೇ ಕಾರಣ. ಅದು 112 ಕೆಜಿ. ಈ ಅಂಕಿ ಮುಂದೆ ಬೇಕಾಗುತ್ತದೆ.

ನನಗೆ ನಿಜವಾಗ್ಲೂ ಇದು ಬೇಕಾ, ಇಲ್ಲ ಸುಮ್ನೆ ಆಸೆನಾ?

ಕಳೆದ ಆರು ತಿಂಗಳಲ್ಲಿ ಎಲ್ಲೆಲ್ಲಿ ಬೈಕ್ ಓಡಿಸಿದ್ದೀರಿ, ಒಂದು ಚೀಟಿಯಲ್ಲಿ ಬರೆಯಿರಿ. ಮಣ್ಣು ದಾರಿ ಒಂದೂ ಇಲ್ಲದಿದ್ದರೆ ಆಸೆ. ಆಸೆಗೆ ಬೈಕ್ ತಗೊಳ್ಳುವುದು ತಪ್ಪೇನಲ್ಲ, ಆದರೆ ಆಗ ಟಯರು, ಶಾಕ್ಸ್ ಅಂತ ತಲೆ ಕೆಡಿಸಿಕೊಳ್ಳಬೇಡಿ. ಬೆಂಗಳೂರಿನ ಗುಂಡಿಗಳನ್ನೂ ಲೆಕ್ಕಕ್ಕೆ ಹಿಡಿದರೆ ಬೇಕೇ ಬೇಕು ಅಂತ ಒಬ್ಬರು ವಾದ ಮಾಡಿದರು. ಅವರಿಗೆ ಉತ್ತರ ಕೊಡಲು ನನಗೆ ಆಗಲಿಲ್ಲ.

ಎಷ್ಟು ಸಿಸಿ ಸಾಕು?

ಕರ್ನಾಟಕದೊಳಗೆ ಓಡಾಡುವವರಿಗೆ 200ರಿಂದ 450 ಸಿಸಿ ಒಳಗೆ ಎಲ್ಲಾ ಸಿಗುತ್ತದೆ. 800, 900 ಸಿಸಿಯ ಬೈಕಿನ ಮಜಾ ಉದ್ದನೆಯ ಖಾಲಿ ರಸ್ತೆಯಲ್ಲಿ. ನಮ್ಮಲ್ಲಿ ಅಂಥ ರಸ್ತೆ ಎಲ್ಲಿದೆ? ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವೇ ಇಲ್ಲ. ಸರ್ವಿಸ್ ರಸ್ತೆಯಲ್ಲಿ ಆಟೋ ಹಿಂದೆ ಹೋಗುವುದಕ್ಕೆ ನೂರು ಕುದುರೆ ಶಕ್ತಿ ಯಾಕೆ?

ಸಿಸಿಗಿಂತ ನೋಡಬೇಕಾದ್ದು ಎಂಜಿನ್ ನಿಧಾನಕ್ಕೆ ತಿರುಗುವಾಗ ಎಷ್ಟು ಎಳೆಯುತ್ತದೆ ಅನ್ನುವುದನ್ನು. ಟೆಸ್ಟ್ ರೈಡ್ ಕೊಟ್ಟಾಗ ಖಾಲಿ ಜಾಗದಲ್ಲಿ ಒಂದನೇ ಗೇರಿನಲ್ಲಿ ನಡೆಯುವ ವೇಗಕ್ಕೆ ಇಳಿಸಿ, ಕ್ಲಚ್ ಮುಟ್ಟದೆ ಹೋಗಿ ನೋಡಿ. ಎಂಜಿನ್ ಕೆಮ್ಮಿ ನಿಂತರೆ, ಜಲ್ಲಿ ಏರಿನಲ್ಲಿ ಹಾಫ್ ಕ್ಲಚ್ ಹಿಡಿದು ಹಿಡಿದು ನಿಮ್ಮ ಎಡಗೈ ಬಿದ್ದುಹೋಗುತ್ತದೆ.

ನಾನು ಐದಡಿ ನಾಲ್ಕಿಂಚು. ಸೀಟ್ ಎತ್ತರ 825 ಮಿಲಿಮೀಟರ್ ಅಂತೆ. ಕಾಲು ಎಟಕುತ್ತಾ ಅಣ್ಣ?

ಎರಡೂ ಪಾದ ಪೂರ್ತಿ ಊರುವುದಿಲ್ಲ. ಊರಲೇಬೇಕು ಅಂತಲೂ ಇಲ್ಲ. ಸೀಟಿನ ಮೇಲೆ ಸ್ವಲ್ಪ ಎಡಕ್ಕೆ ಜಾರಿ ಒಂದು ಪಾದ ಗಟ್ಟಿಯಾಗಿ ಊರಿದರೆ ಸಾಕು. ಸೀಟಿನ ಎತ್ತರದ ಅಂಕಿಯೊಂದನ್ನೇ ನಂಬಬೇಡಿ. ಸೀಟ್ ಮುಂದೆ ಕಿರಿದಾಗಿದ್ದರೆ 830 ಕೂಡ ಎಟಕುತ್ತದೆ, ಅಗಲವಾಗಿದ್ದರೆ 800 ಕೂಡ ಕಷ್ಟ. ರಾಯಲ್ ಎನ್‌ಫೀಲ್ಡಿನ ಹಿಮಾಲಯನ್ 450ಗೆ 805 ಮಿಲಿಮೀಟರಿನ ತಗ್ಗು ಸೀಟೂ ಸಿಗುತ್ತದೆ. ಶೋರೂಮಿಗೆ ಚಪ್ಪಲಿಯಲ್ಲಿ ಹೋಗಬೇಡಿ, ಓಡಿಸುವಾಗ ಹಾಕುವ ಬೂಟ್ ಹಾಕಿಕೊಂಡೇ ಹತ್ತಿ ನೋಡಿ.

## ಆರಿಸುವಾಗ

ತೂಕ ಅಷ್ಟೊಂದು ಮುಖ್ಯನಾ? ನಾನು ಜಿಮ್‌ಗೆ ಹೋಗೋನು.

ಮುಖ್ಯ. ನನ್ನನ್ನು ಕೇಳಿದರೆ ಮಿಕ್ಕಿದ್ದೆಲ್ಲ ಇದರ ನಂತರ.

ನನ್ನ ಹಳೆಯ ಬೈಕು 200 ಕೆಜಿ ಹತ್ತಿರ ಇತ್ತು. ಒಂದು ಜುಲೈ ಸಂಜೆ, ಮನೆಗೆ ಒಂದು ಕಿಲೋಮೀಟರ್ ಇರುವಾಗ, ಟ್ರ್ಯಾಕ್ಟರ್ ಹೋಗಿ ಕೊರೆದಿದ್ದ ಕೆಸರಿನಲ್ಲಿ ಮುಂಚಕ್ರ ಜಾರಿತು. ತಪ್ಪು ನನ್ನದೇ, ಗಾಬರಿಯಲ್ಲಿ ಮುಂದಿನ ಬ್ರೇಕ್ ಹಿಡಿದಿದ್ದೆ. ಬೈಕು ಬಲಕ್ಕೆ ಮಲಗಿತು. ಮೊದಲ ಸಲ ಎತ್ತಿದೆ. ಎತ್ತಿದ ಕೂಡಲೇ ನನ್ನ ಕಾಲೇ ಜಾರಿ ಅದು ಆ ಕಡೆ ಬಿತ್ತು. ಎರಡನೇ ಸಲ ಸೊಂಟದ ಮಟ್ಟಕ್ಕೆ ಬಂದು ವಾಪಸ್ ಹೋಯಿತು. ಮೂರನೇ ಸಲಕ್ಕೆ ತೋಳಿನಲ್ಲಿ ಏನೂ ಉಳಿದಿರಲಿಲ್ಲ. ಮಳೆ ನಿಂತಿರಲಿಲ್ಲ, ಬೂಟಿನೊಳಗೆ ಇಂಬಳ ಸೇರಿತ್ತು, ಮೊಬೈಲಿಗೆ ನೆಟ್‌ವರ್ಕ್ ಇಲ್ಲ. ಕೊನೆಗೆ ದಾರಿಯಲ್ಲಿ ಬಂದ ಇಬ್ಬರು ಕೈ ಹಾಕಿದರು. ಜಿಮ್‌ನಲ್ಲಿ ನೆಲ ಜಾರುವುದಿಲ್ಲ, ಅಲ್ವಾ?

ಎತ್ತುವ ಕ್ರಮ ಆಮೇಲೆ ಕಲಿತೆ. ಮೊದಲು ಕೀ ಆಫ್. ಬೈಕು ಬಲಕ್ಕೆ ಬಿದ್ದಿದ್ದರೆ ಎತ್ತುವ ಮೊದಲೇ ಸೈಡ್ ಸ್ಟ್ಯಾಂಡ್ ಹೊರಗೆ ತೆಗೆಯಿರಿ, ಇಲ್ಲದಿದ್ದರೆ ನನ್ನ ಹಾಗೆ ಆ ಕಡೆ ಬೀಳಿಸುತ್ತೀರಿ. ಚಕ್ರ ಉರುಳದಂತೆ ಗೇರಿನಲ್ಲಿರಲಿ. ಹ್ಯಾಂಡಲನ್ನು ಬಿದ್ದ ಕಡೆಗೇ ಪೂರ್ತಿ ತಿರುಗಿಸಿ. ಸೀಟಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು, ಒಂದು ಕೈ ಹ್ಯಾಂಡಲ್ ಹಿಡಿಗೆ, ಇನ್ನೊಂದು ಹಿಂದಿನ ಕಂಬಿಗೆ. ಆಮೇಲೆ ಪುಟ್ಟ ಪುಟ್ಟ ಹೆಜ್ಜೆ ಹಿಂದಕ್ಕೆ ಇಡುತ್ತಾ ಕಾಲಿನ ಬಲದಿಂದ ಏಳಿ. ಸೊಂಟ ಬಗ್ಗಿಸಿ ಎತ್ತಿದರೆ ಮಾರನೇ ದಿನ ಹಾಸಿಗೆಯೇ ಗತಿ.

ಕೊಳ್ಳುವ ಮೊದಲು ಗೆಳೆಯರ ಅಂಥದ್ದೇ ಬೈಕನ್ನು ಹುಲ್ಲಿನ ಮೇಲೆ ಮಲಗಿಸಿ, ಒಬ್ಬರೇ ಎರಡು ಸಲ ಎತ್ತಿ ನೋಡಿ. ಎರಡನೇ ಸಲ ಆಗದಿದ್ದರೆ ಅದು ನಿಮ್ಮ ಬೈಕಲ್ಲ. ಗೆಳೆಯ ಒಪ್ಪಬೇಕು, ಅದು ಬೇರೆ ಮಾತು.

ಮುಂದಿನ ಚಕ್ರ 21 ಇಂಚೇ ಬೇಕಾ, 19 ಸಾಕಾ?

ಹಳೆಯ ಕಾಲದ ಎತ್ತಿನಗಾಡಿಯ ಚಕ್ರ ಯಾಕೆ ಅಷ್ಟು ದೊಡ್ಡದು? ಗುಂಡಿಯೊಳಗೆ ಇಳಿಯದೆ ದಾಟಲಿ ಅಂತ. ಇಲ್ಲೂ ಅದೇ ಲೆಕ್ಕ. 21 ಇಂಚಿನ ಚಕ್ರ ಕಲ್ಲು, ಬೇರು, ಕೊರಕಲು ಹತ್ತಿ ಇಳಿಯುವುದು ಸುಲಭ. ಆದರೆ ಅದು ಸಪೂರ, ತಿರುಗುವುದೂ ಸ್ವಲ್ಪ ನಿಧಾನ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ 19 ಇಂಚಿನದು ಹೆಚ್ಚು ಚುರುಕು. ವಾರಕ್ಕೊಮ್ಮೆಯಾದರೂ ಮಣ್ಣಿಗೆ ಇಳಿಯುವವರು 21 ತಗೊಳ್ಳಿ. ಎಂದೋ ಒಮ್ಮೆ ಹೋಂಸ್ಟೇ ದಾರಿ ಅನ್ನುವವರಿಗೆ 19 ಧಾರಾಳ.

ಸ್ಪೋಕ್ ಚಕ್ರಕ್ಕೆ ಟ್ಯೂಬ್ ಇರುತ್ತಂತೆ. ಘಾಟಿಯಲ್ಲಿ ಪಂಕ್ಚರ್ ಆದ್ರೆ ಏನು ಮಾಡೋದು?

ಚಕ್ರ ಬಿಚ್ಚಬೇಕು. ಟ್ಯೂಬ್‌ಲೆಸ್ ಆದರೆ ಮೊಳೆ ಕಿತ್ತು, ತೂತಿಗೆ ರಬ್ಬರ್ ಬತ್ತಿ ತುರುಕಿ, ಗಾಳಿ ಹೊಡೆದು ಹತ್ತು ನಿಮಿಷದಲ್ಲಿ ಹೊರಡಬಹುದು. ಟ್ಯೂಬ್ ಆದರೆ ಸ್ಪ್ಯಾನರ್, ಟಯರ್ ಲಿವರ್, ಹೊಸ ಟ್ಯೂಬ್ ಎಲ್ಲಾ ಜೊತೆಗಿರಬೇಕು. ಅದನ್ನು ಬಳಸಲೂ ಗೊತ್ತಿರಬೇಕು. ಹಾಗಾದರೆ ಟ್ಯೂಬ್ ಬೇಡದ ಅಲಾಯ್ (ಎರಕದ ಚಕ್ರ) ಒಳ್ಳೆಯದಲ್ಲವಾ? ಜೋರಾಗಿ ಕಲ್ಲಿಗೆ ಬಡಿದರೆ ಅಲಾಯ್ ಬಿರುಕು ಬಿಡಬಹುದು. ಸ್ಪೋಕ್ ರಿಮ್ ಬಾಗುತ್ತದೆ, ಬಾಗಿದ್ದನ್ನು ತಟ್ಟಿ ಸರಿ ಮಾಡುವವರು ತಾಲೂಕು ಕೇಂದ್ರದಲ್ಲೂ ಸಿಗುತ್ತಾರೆ. ಎರಡೂ ಅನುಕೂಲ ಒಟ್ಟಿಗೆ ಬೇಕಾದರೆ ಟ್ಯೂಬ್‌ಲೆಸ್ ಸ್ಪೋಕ್ ಚಕ್ರ ಇದೆ, ಬೆಲೆ ಜಾಸ್ತಿ.

ಮನೆ ಅಂಗಳದಲ್ಲಿ ಒಂದು ಭಾನುವಾರ ಹಿಂದಿನ ಚಕ್ರ ಬಿಚ್ಚಿ ಹಾಕಿ ನೋಡಿ. ನನಗೆ ಮೊದಲ ಸಲ ಎರಡೂವರೆ ಗಂಟೆ ಹಿಡಿಯಿತು. ಹಾಕಿದ ಮೇಲೆ ಒಂದು ವಾಷರ್ ಉಳಿದಿತ್ತು. ಮತ್ತೆ ಬಿಚ್ಚಿದೆ.

ಅದೆಲ್ಲ ಸರಿ, ಹೆಸರು ಹೇಳಿ. ಎಕ್ಸ್‌ಪಲ್ಸಾ, ಹಿಮಾಲಯನ್ನಾ, ಕೆಟಿಎಂ ತಗೊಳ್ಳೋದಾ?

ಮಣ್ಣು ಜಾಸ್ತಿ, ಹೈವೇ ಕಡಿಮೆ ಅನ್ನುವವರಿಗೆ ಹೀರೋ ಎಕ್ಸ್‌ಪಲ್ಸ್. ಅದರ 200 4ವಿ ಮಾದರಿಯ ತೂಕ ಸುಮಾರು 160 ಕೆಜಿ. ಮುಂದೆ 21, ಹಿಂದೆ 18 ಇಂಚಿನ ಚಕ್ರ. 2025ರಲ್ಲಿ ಬಂದ ಎಕ್ಸ್‌ಪಲ್ಸ್ 210 ಲಿಕ್ವಿಡ್ ಕೂಲ್ಡ್ (ಎಂಜಿನ್ ತಣ್ಣಗಿಡಲು ದ್ರವ ಹರಿಯುತ್ತದೆ), ತೂಕ ಹತ್ತು ಕೆಜಿಯಷ್ಟು ಹೆಚ್ಚು, ಹೈವೇಯಲ್ಲಿ ಹಳೆಯದಕ್ಕಿಂತ ಆರಾಮ. ಆದರೂ 90 ದಾಟಿದ ಮೇಲೆ ಸಣ್ಣ ಎಂಜಿನ್ ಸಣ್ಣದೇ.

ಲಗೇಜು ಕಟ್ಟಿಕೊಂಡು ದೂರ ಹೋಗುವವರಿಗೆ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450. 452 ಸಿಸಿ, ಸುಮಾರು 40 ಕುದುರೆ ಶಕ್ತಿ, 17 ಲೀಟರ್ ಟ್ಯಾಂಕು, ಎರಡೂ ಕಡೆ 200 ಮಿಲಿಮೀಟರ್ ಆಡುವ ಶಾಕ್ಸ್. ಕೂತರೆ ಸೋಫಾ. ಆದರೆ 196 ಕೆಜಿ, ಮೇಲೆ ತೂಕದ ಬಗ್ಗೆ ಕೊಟ್ಟ ಉತ್ತರ ಮತ್ತೆ ಓದಿ.

ಕೆಟಿಎಂ 390 ಅಡ್ವೆಂಚರ್ 2025ರ ಮಾದರಿಯಿಂದ 399 ಸಿಸಿ ಎಂಜಿನ್, 21 ಇಂಚಿನ ಮುಂಚಕ್ರ. ಈ ಮೂರರಲ್ಲಿ ಓಟಕ್ಕೆ ಇದೇ ಮುಂದು. ನಿಧಾನಕ್ಕೆ ಹೋಗು ಅಂದರೆ ಅದಕ್ಕೂ ಬೇಜಾರು, ಓಡಿಸುವವರಿಗೂ ಬೇಜಾರು. ಅದರದ್ದೇ ಎಕ್ಸ್ ಮಾದರಿಗೆ 19 ಇಂಚಿನ ಅಲಾಯ್ ಚಕ್ರ, ರಸ್ತೆಗೇ ಹೆಚ್ಚು ಹೊಂದುತ್ತದೆ.

ಮುಕ್ಕಾಲು ಪಾಲು ಡಾಂಬರು ಅನ್ನುವವರು ಸುಜುಕಿ ವಿ-ಸ್ಟ್ರಾಂ ಎಸ್‌ಎಕ್ಸ್ ನೋಡಿ. 250 ಸಿಸಿ, 167 ಕೆಜಿ. ನೋಡಲು ಅಷ್ಟೇನೂ ಗತ್ತಿಲ್ಲ, ಕೆಲಸ ಅಚ್ಚುಕಟ್ಟು. ಟಿವಿಎಸ್ ಅಪಾಚೆ ಆರ್‌ಟಿಎಕ್ಸ್ 300 ಕೂಡ ಇದೇ ಸಾಲಿನದು.

ಜಿಎಸ್‌ಟಿ ಬದಲಾದ ಮೇಲೆ ಯಾವುದು ಅಗ್ಗ ಆಯ್ತು?

350 ಸಿಸಿ ಗಡಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳಿಗೆ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಅದಕ್ಕಿಂತ ದೊಡ್ಡವಕ್ಕೆ ಸೆಸ್ ಸೇರಿ ಶೇ 31 ಇದ್ದದ್ದು 40ಕ್ಕೆ ಏರಿತು. ಹಾಗಾಗಿ 200–300 ಸಿಸಿ ಬೈಕಿಗೂ 400–450 ಸಿಸಿ ಬೈಕಿಗೂ ನಡುವಿನ ಅಂತರ ಹಿಗ್ಗಿದೆ. ಇದರ ಮೇಲೆ ಕರ್ನಾಟಕದ ರಸ್ತೆ ತೆರಿಗೆ. ಒಂದು ಲಕ್ಷ ದಾಟಿದ ಬೈಕಿಗೆ ಶೇ 18, ಆ ತೆರಿಗೆಯ ಮೇಲೆ ಮತ್ತೆ ಸೆಸ್. ಎರಡು ಲಕ್ಷದ ಬೈಕಿಗೆ ರಸ್ತೆ ತೆರಿಗೆಯೇ 36 ಸಾವಿರ ದಾಟುತ್ತದೆ. ಎಕ್ಸ್ ಶೋರೂಮ್ ಬೆಲೆ ನೋಡಿ ಮನೆಯವರನ್ನು ಒಪ್ಪಿಸಬೇಡಿ, ಆಮೇಲೆ ಮಾತು ಬರುತ್ತದೆ.

ನಾನು ಹಿಂದೆ ಕೂರೋಳು. ನನ್ನ ಬೆನ್ನಿನ ಕಥೆ ಏನು?

ಈ ಪ್ರಶ್ನೆ ಗಂಡಸರು ಯಾರೂ ಕೇಳಲಿಲ್ಲ. ಟೆಸ್ಟ್ ರೈಡಿಗೆ ನೀವೂ ಹೋಗಿ, ಹಿಂದೆ ಕೂತು ಎರಡು ಹಂಪ್ ದಾಟಿಸಿ. ಸೀಟಿನ ಅಗಲ, ಹಿಡಿಯಲು ಕಂಬಿ, ಹತ್ತಲು ಎತ್ತರ ನೋಡಿ. ಈ ಮಟ್ಟಿಗೆ ದೊಡ್ಡ ಬೈಕುಗಳೇ ವಾಸಿ. ಇಬ್ಬರು ಕೂತಾಗ ಹಿಂದಿನ ಶಾಕ್ಸಿನ ಪ್ರೀಲೋಡ್, ಅಂದರೆ ಸ್ಪ್ರಿಂಗಿನ ಬಿಗಿತ, ಹೆಚ್ಚಿಸಬೇಕು. ಅದನ್ನು ಮಾಡದೆ "ಬೈಕೇ ಹಿಂಗೆ" ಅಂದರೆ ನಂಬಬೇಡಿ.

ಸೆಕೆಂಡ್ ಹ್ಯಾಂಡ್ ತಗೊಂಡ್ರೆ ಏನೇನು ನೋಡ್ಬೇಕು ಸಾರ್?

ಕೆಳಗೆ ಬಗ್ಗಿ ಎಂಜಿನ್ ಗಾರ್ಡ್ ನೋಡಿ. ಬೈಕಿನ ಜಾತಕ ಅಲ್ಲಿರುತ್ತದೆ. ಗೀರು ಇದ್ದರೆ ಪರವಾಗಿಲ್ಲ, ಒಳಕ್ಕೆ ಜಜ್ಜಿದ್ದರೆ ಚೌಕಾಸಿ ಮಾಡಿ. ಮುಂಚಕ್ರ ಎತ್ತಿ ಹ್ಯಾಂಡಲ್ ತಿರುಗಿಸಿ, ನಡುವೆ ಎಲ್ಲಾದರೂ ಕಚ್ಚಿದ ಹಾಗೆ ಆದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗು) ಹೋಗಿದೆ. ಚಕ್ರ ತಿರುಗಿಸಿ ರಿಮ್ ಅಲುಗುತ್ತಾ ನೋಡಿ. ಸ್ಪೋಕುಗಳನ್ನು ಸ್ಪ್ಯಾನರಿನಿಂದ ಒಂದೊಂದಾಗಿ ತಟ್ಟಿ, ಸಡಿಲ ಇದ್ದದ್ದು ಟಣ್ ಅನ್ನದೆ ಟಪ್ ಅನ್ನುತ್ತದೆ. ಮುಂಚಕ್ರ ಹಿಡಿದಿರುವ ಫೋರ್ಕಿನ ಮೇಲೆ ಎಣ್ಣೆ ಜಿಡ್ಡು ಇರಬಾರದು. ತೀರಾ ತೊಳೆದು ಮಿರಮಿರ ಹೊಳೆಯುವ ಬೈಕಿನ ಮೇಲೆ ನನಗೆ ಅನುಮಾನ, ಸ್ವಲ್ಪ ಧೂಳು ಹಿಡಿದದ್ದೇ ಮೇಲು.

## ತಗೊಂಡ ಮೇಲೆ

ಶೋರೂಮಿನಲ್ಲಿ ಆಕ್ಸೆಸರಿ ಪಟ್ಟಿ ಕೊಟ್ಟಿದ್ದಾರೆ, 40 ಸಾವಿರ. ಎಲ್ಲಾ ಹಾಕಿಸ್ಲಾ?

ಬೇಡ. ಎಂಜಿನ್ ಗಾರ್ಡ್, ಹ್ಯಾಂಡ್ ಗಾರ್ಡ್, ಇಷ್ಟೇ. ಲಗೇಜಿಗೆ ಪಕ್ಕದಲ್ಲಿ ಕೂರಿಸುವ ಲೋಹದ ಪೆಟ್ಟಿಗೆಗಳು ಚಂದ ಕಾಣುತ್ತವೆ, ಆದರೆ ಬಿದ್ದಾಗ ಕಾಲು ಅದರಡಿ ಸಿಕ್ಕಿಕೊಳ್ಳುವ ಅಪಾಯವಿದೆ. ಬಟ್ಟೆಯ ಬ್ಯಾಗು ಹಗುರ, ಮೆತ್ತಗೆ. ಉಳಿದ ದುಡ್ಡಿಗೆ ಒಳ್ಳೆಯ ಹೆಲ್ಮೆಟ್, ಮೊಣಕಾಲು ಕವಚ, ಮುಖ್ಯವಾಗಿ ಕಣಕಾಲು ಮುಚ್ಚುವ ಬೂಟು ತಗೊಳ್ಳಿ.

ಟಯರಿಗೆ ಗಾಳಿ ಎಷ್ಟಿರಬೇಕು?

ರಸ್ತೆಗೆ ಕಂಪನಿ ಬರೆದಷ್ಟೇ. ಮಣ್ಣಿಗೆ ಇಳಿಯುವಾಗ ಅದಕ್ಕಿಂತ ಐದಾರು ಪಿಎಸ್‌ಐ ಕಡಿಮೆ ಮಾಡಿ, ಟಯರು ಹರಡಿ ನೆಲ ಹಿಡಿಯುತ್ತದೆ. ಟ್ಯೂಬ್ ಇದ್ದರೆ ಇನ್ನೂ ಇಳಿಸಬೇಡಿ. ಕಲ್ಲಿಗೆ ಬಡಿದಾಗ ರಿಮ್ಮಿಗೂ ಕಲ್ಲಿಗೂ ನಡುವೆ ಟ್ಯೂಬ್ ಸಿಕ್ಕಿ ಹಾವು ಕಚ್ಚಿದ ಹಾಗೆ ಎರಡು ತೂತಾಗುತ್ತದೆ. ವಾಪಸ್ ಡಾಂಬರಿಗೆ ಬಂದಾಗ ಗಾಳಿ ತುಂಬಬೇಕಲ್ಲ, ಅದಕ್ಕೊಂದು ಸಣ್ಣ ಪಂಪು ಜೊತೆಗಿರಲಿ.

ಎಬಿಎಸ್ ಆಫ್ ಮಾಡ್ಬೇಕು ಅಂತಾರಲ್ಲ, ಅಪಾಯ ಅಲ್ವಾ?

ಎಬಿಎಸ್ ಅಂದರೆ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ. ಆಫ್ ಮಾಡುವುದು ಹಿಂದಿನ ಚಕ್ರದ್ದು ಮಾತ್ರ, ಮಣ್ಣಿನಲ್ಲಿ ಮಾತ್ರ. ಸಡಿಲ ಜಲ್ಲಿಯ ಇಳಿಜಾರಿನಲ್ಲಿ ಚಕ್ರ ಜಾರುತ್ತಿದೆ ಅಂತ ಎಬಿಎಸ್ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುತ್ತದೆ. ನಿಮಗೆ ಬ್ರೇಕೇ ಇಲ್ಲದ ಹಾಗೆ ಅನ್ನಿಸುತ್ತದೆ. ಆಫ್ ಇದ್ದರೆ ಹಿಂಚಕ್ರ ಲಾಕ್ ಆಗಿ ನೆಲ ಕೆರೆದು ವೇಗ ಇಳಿಸುತ್ತದೆ. ಮುಂದಿನದನ್ನು ಮುಟ್ಟಬೇಡಿ. ಎಂಜಿನ್ ನಿಲ್ಲಿಸಿ ಮತ್ತೆ ಶುರು ಮಾಡಿದಾಗ ಎಬಿಎಸ್ ತಾನಾಗಿ ಆನ್ ಆಗುವ ಬೈಕುಗಳಿವೆ. ಫೋಟೋ ತೆಗೆಯಲು ನಿಂತು ಹೊರಟ ಮೇಲೆ ಇದು ಮರೆತೇಹೋಗುತ್ತದೆ.

## ಪಳಗಿದವರಿಗೆ

ನಮ್ಮ ಕಡೆ ಎರಿ ಮಣ್ಣ ಐತ್ರಿ. ಮಳ್ಯಾಗ ಯಾವ ಬೈಕ್ ಚಲೋ?

ಯಾವುದೂ ಅಲ್ಲ. ಗದಗ, ಬಾಗಲಕೋಟೆ ಕಡೆಯ ಎರೆಮಣ್ಣು ನೆನೆದರೆ ಅಂಟು. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ತುಂಬಿ, ಚಕ್ರ ತಿರುಗುವುದೇ ನಿಂತುಹೋಗುತ್ತದೆ. ಕಡ್ಡಿಯಲ್ಲಿ ಕೆರೆದು ಹತ್ತು ಮಾರು ಹೋದರೆ ಮತ್ತೆ ಅದೇ. ಮುಂದಿನ ಮಡ್‌ಗಾರ್ಡ್ ಟಯರಿಗೆ ಅಂಟಿಕೊಂಡಂತಿರದೆ ಎತ್ತರದಲ್ಲಿರುವ ಬೈಕು ಸ್ವಲ್ಪ ಹೆಚ್ಚು ಹೊತ್ತು ತಡೆಯುತ್ತದೆ. ಹೊಲದ ದಾರಿ ಒಣಗುವ ತನಕ ಕಾಯುವುದೇ ಸರಿ. ಅಲ್ಲಿನ ರೈತರಿಗೆ ಇದು ಹೇಳಿಕೊಡಬೇಕಿಲ್ಲ, ಬೆಂಗಳೂರಿನಿಂದ ಹೋದವರಿಗೆ ಹೇಳಬೇಕು.

ಹಳ್ಳ ದಾಟೋವಾಗ ಎಷ್ಟು ನೀರಿದ್ರೆ ಪರವಾಗಿಲ್ಲ?

ಮೊದಲು ನಡೆದು ದಾಟಿ. ಹೆದರಿಕೆ ಆದರೆ ಬೈಕ್ ತರಬೇಡಿ. ಮೊಣಕಾಲು ಮುಟ್ಟಿತೋ, ವಾಪಸ್. ಎಂಜಿನ್ ಗಾಳಿ ಎಳೆಯುವ ಬಾಯಿ ಎಲ್ಲಿದೆ ಅಂತ ತಿಳಿದಿರಲಿ, ನೀರು ಅಲ್ಲಿಗೆ ಹೋಗಬಾರದು. ಬೈಕು ನೀರಿನಲ್ಲಿ ಮುಳುಗಿ ನಿಂತರೆ ಸೆಲ್ಫ್ ಒತ್ತಲೇಬೇಡಿ. ಸಿಲಿಂಡರಿನಲ್ಲಿ ನೀರಿದ್ದರೆ ಎಂಜಿನ್ನೊಳಗಿನ ಕನೆಕ್ಟಿಂಗ್ ರಾಡ್ ಬಾಗಬಹುದು. ದಡಕ್ಕೆ ತಳ್ಳಿ, ಸ್ಪಾರ್ಕ್ ಪ್ಲಗ್ ಬಿಚ್ಚಿ, ಆಮೇಲೆ ಎಂಜಿನ್ ತಿರುಗಿಸಿ ನೀರು ಕಕ್ಕಿಸಿ.

ಕಾಡೊಳಗೆ ಬೈಕ್ ನುಗ್ಗಿಸಬಹುದಾ? ವಿಡಿಯೋದಲ್ಲಿ ಎಲ್ಲರೂ ಹೋಗ್ತಾರೆ.

ಇಲ್ಲ. ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ಹೋಗುವುದು ಅಪರಾಧ. ಬಂಡೀಪುರದ ಹೈವೇ ಕೂಡ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಮುಚ್ಚಿರುತ್ತದೆ. ಊರಿನ ರಸ್ತೆ, ಪಂಚಾಯಿತಿ ರಸ್ತೆಗಳೇ ಬೇಕಾದಷ್ಟು ಕೆಟ್ಟಿವೆ. ತೋಟದ ದಾರಿಯಾದರೆ ಮಾಲೀಕರನ್ನು ಕೇಳಿ. ಕೇಳಿದರೆ ಕಾಫಿ ಕೊಟ್ಟು ಕಳಿಸುತ್ತಾರೆ, ಕೇಳದೆ ಹೋದರೆ ನಾಯಿ ಬಿಡುತ್ತಾರೆ.

ಸೈಲೆನ್ಸರ್ ಬದಲಿಸಿದ್ರೆ ಪವರ್ ಬರುತ್ತಾ?

ಶಬ್ದ ಬರುತ್ತದೆ, ಆಮೇಲೆ ದಂಡದ ಚೀಟಿ ಬರುತ್ತದೆ.

ಲಡಾಖ್‌ಗೆ ಹೋಗಬೇಕು ಅಂತಿದೆ. ಅದಕ್ಕೆ ದೊಡ್ಡ ಬೈಕೇ ತಗೊಳ್ಳಲಾ?

ಲಡಾಖ್ ಹದಿನೈದು ದಿನ. ಮಿಕ್ಕ ವರ್ಷವೆಲ್ಲ ಆ ಬೈಕನ್ನು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಹಾಫ್ ಕ್ಲಚ್ ಹಿಡಿದು ನಿಲ್ಲಿಸಬೇಕಾದವರು ನೀವು. ಅಷ್ಟು ಎತ್ತರದಲ್ಲಿ ಗಾಳಿ ತೆಳು, ಎಲ್ಲಾ ಎಂಜಿನ್ನುಗಳೂ ಸೋಲುತ್ತವೆ, ಆದರೂ 200 ಸಿಸಿಯಲ್ಲಿ ಹೋಗಿ ಬಂದವರು ಬೇಕಾದಷ್ಟಿದ್ದಾರೆ. ಉತ್ತರ ಭಾರತದ ತನಕ ಬೈಕನ್ನು ರೈಲಿನಲ್ಲಿ ಪಾರ್ಸೆಲ್ ಮಾಡಬಹುದು, ಟ್ಯಾಂಕಿನ ಪೆಟ್ರೋಲ್ ಖಾಲಿ ಮಾಡಿ ಕೊಡಬೇಕು.

ಓಡಿಸೋದು ಎಲ್ಲಿ ಕಲಿಯೋದು?

ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ, ಮರುಭೂಮಿಯಲ್ಲಿ ದಿನಗಟ್ಟಲೆ ನಡೆಯುವ ಡಾಕರ್ ರ‍್ಯಾಲಿ ಓಟ ಮುಗಿಸಿದ ಮೊದಲ ಭಾರತೀಯ. ಕೋಲಾರದ ಕಡೆ ಮಣ್ಣಿನ ಓಟ ಕಲಿಸುವ ಬಿಗ್ ರಾಕ್ ಡರ್ಟ್ ಪಾರ್ಕ್ ಶುರುಮಾಡಿದವರೂ ಅವರೇ. ಅಂಥ ಕಡೆ ಒಂದು ದಿನದ ತರಬೇತಿಗೆ ಹಾಕಿದ ದುಡ್ಡು ಯಾವ ಆಕ್ಸೆಸರಿಗಿಂತಲೂ ಮೇಲು. ಅಲ್ಲಿಯ ತನಕ ಖಾಲಿ ಮೈದಾನದಲ್ಲಿ ನಿಂತು ಓಡಿಸುವುದನ್ನು ರೂಢಿ ಮಾಡಿ. ಮೊಣಕಾಲು ಸ್ವಲ್ಪ ಬಾಗಿರಲಿ, ಟ್ಯಾಂಕನ್ನು ಕಾಲಿನಲ್ಲಿ ಅಪ್ಪಿ, ಹ್ಯಾಂಡಲನ್ನು ಸಡಿಲವಾಗಿ ಹಿಡಿಯಿರಿ. ನೋಟ ಗುಂಡಿಯ ಮೇಲೆ ಬೇಡ, ಹೋಗಬೇಕಾದ ಕಡೆಗಿರಲಿ.

ಇಷ್ಟೆಲ್ಲ ಹೇಳ್ತೀರಲ್ಲ, ನಿಮ್ಮದು ಯಾವ ಬೈಕು?

ಆ ಜುಲೈ ಆದ ಮೇಲೆ ದೊಡ್ಡದನ್ನು ಮಾರಿ ಎಕ್ಸ್‌ಪಲ್ಸ್ 200 4ವಿ ತಗೊಂಡೆ. ಹಾಸನದ ತನಕ ಕಾರುಗಳೆಲ್ಲ ನನ್ನನ್ನು ಹಿಂದೆ ಹಾಕಿ ಹೋಗುತ್ತವೆ, ಒಂದೊಂದು ಸಲ ಹೊಟ್ಟೆ ಉರಿಯುತ್ತದೆ. ಊರಿಗೆ ಮುಕ್ಕಾಲು ಗಂಟೆ ತಡವಾಗಿ ಮುಟ್ಟುತ್ತೇನೆ. ಕಳೆದ ಮಳೆಗಾಲದಲ್ಲಿ ಅದೇ ಟ್ರ್ಯಾಕ್ಟರ್ ಕೊರಕಲಿನಲ್ಲಿ ಮತ್ತೆ ಬಿದ್ದೆ. ಸೈಡ್ ಸ್ಟ್ಯಾಂಡ್ ತೆಗೆದೆ, ಬೆನ್ನು ಕೊಟ್ಟೆ, ಒಂದೇ ಸಲಕ್ಕೆ ಎದ್ದಿತು. ಮನೆಗೆ ಹೋದಾಗ ರೊಟ್ಟಿ ಇನ್ನೂ ಬಿಸಿ ಇತ್ತು.